ತೆರೆದ ಬಾಗಿಲು ಆಮಂತ್ರಣವಲ್ಲ

ಕ್ಯಾಚ್-ಆಲ್ ಡೊಮೈನ್ ಯಾವ ವಿಳಾಸವನ್ನೂ ತಿರಸ್ಕರಿಸದು, ಆದ್ದರಿಂದ ಅಪರಿಚಿತರಿಗೆ ವ್ಯಾಪಾರದ ಮೇಲ್ ಕಳಿಸಲು ಅದೇ ಸುರಕ್ಷಿತ ಎಂಬುದು ಒಂದು ವಾದ. ಮೊದಲರ್ಧ ಬಹುಮಟ್ಟಿಗೆ ನಿಜ, ತೀರ್ಮಾನ ತಪ್ಪು.

ಇಲ್ಲದ ವಿಳಾಸಕ್ಕೆ ಸಾಮಾನ್ಯ ಸರ್ವರ್ ‘550’ ಎಂದು ಬಾಗಿಲು ಹಾಕುತ್ತದೆ; ಕ್ಯಾಚ್-ಆಲ್ ಎಲ್ಲಕ್ಕೂ ‘250’ ಎಂದು ತಲೆಯಾಡಿಸುತ್ತದೆ. ಅದು ಸ್ವೀಕೃತಿಯೇ ಹೊರತು ಆ ಹೆಸರಿನವರು ಅಲ್ಲಿದ್ದಾರೆಂಬ ಸಾಕ್ಷಿಯಲ್ಲ. ಆಮೇಲೂ ಮೇಲ್ ಬೌನ್ಸ್ ಆಗಬಹುದು, ಯಾರೂ ತೆರೆಯದ ಪೆಟ್ಟಿಗೆಯಲ್ಲಿ ಕೊಳೆಯಬಹುದು.

ಬೌನ್ಸ್ ಒಂದೇ ಅಪಾಯವೂ ಅಲ್ಲ. ಊಹಿಸಿದ ಹತ್ತು ಹೆಸರುಗಳ ಮೇಲ್ ಒಬ್ಬ ಮಾಲೀಕರ ಪೆಟ್ಟಿಗೆಗೇ ಬಿದ್ದರೆ ಅವರು ‘ಸ್ಪ್ಯಾಮ್’ ಒತ್ತದೆ ಬಿಟ್ಟಾರೆಯೇ? ವೈಯಕ್ತಿಕ ಖಾತೆಗಳಿಗೆ ರಾಶಿ ಮೇಲ್ ಕಳಿಸುವವರ ದೂರಿನ ಪ್ರಮಾಣ ಶೇ 0.3 ಮುಟ್ಟಬಾರದೆಂದು ಜಿಮೇಲ್ 2024ರಲ್ಲೇ ಹೇಳಿದೆ. ಅಂದರೆ ಸಾವಿರಕ್ಕೆ ಮೂರು!

ಹಾಗೆಂದು ಕ್ಯಾಚ್-ಆಲ್ ವಿಳಾಸಗಳನ್ನೆಲ್ಲ ಕಸಕ್ಕೆ ಹಾಕಬೇಕಿಲ್ಲ. ಅವುಗಳಲ್ಲಿ ನಿಜವಾದ ವಿಳಾಸಗಳೂ ಇವೆ. ಹೆಸರು ಬೇರೆಡೆ ಖಚಿತವಾದರಷ್ಟೇ, ಸ್ವಲ್ಪಸ್ವಲ್ಪವಾಗಿ ಕಳಿಸಿ.