ಡ್ರಾಯರಿನಲ್ಲಿರುವ ಕರಿಪಟ್ಟಿ

ನಮ್ಮ ಬ್ಯಾಂಕಿನವರಿಗೆ ಕರಿಪಟ್ಟಿ ಅಂದ್ರೆ ಸಾಲ ಮುಳುಗಿಸಿದವರ ಪಟ್ಟಿ. ಸಿನಿಮಾಕ್ಕೆ ಬರೆಯುವವನನ್ನೂ ಅಂಥದ್ದೊಂದಕ್ಕೆ ಸೇರಿಸಬಹುದು ಅಂತ ಗೊತ್ತಾಗಿದ್ದು ವಾಲ್ಟರ್ ಬರ್ನ್‌ಸ್ಟೀನ್ ಬಗ್ಗೆ ಓದಿದಾಗ. ಎಡಪಂಥದವನು ಅಂತ 1950ರಲ್ಲಿ ಅಮೆರಿಕದಲ್ಲಿ ಆತನ ಹೆಸರು ಪಟ್ಟಿಗೆ ಹೋಯ್ತು. ವರ್ಷಗಟ್ಟಲೆ ಬೇರೆಯವರ ಹೆಸರಲ್ಲಿ ಟೀವಿಗೆ ಬರೆದು ಹೊಟ್ಟೆ ಹೊರೆದ. ಆಮೇಲೆ ಆ ಅನುಭವವನ್ನೇ 'ದಿ ಫ್ರಂಟ್' (1976) ಚಿತ್ರವಾಗಿಸಿದ, ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ. 2021ರಲ್ಲಿ ತೀರಿಕೊಂಡಾಗ ವಯಸ್ಸು 101!

ನಮ್ಮಲ್ಲಿ ಇಂಥವರು ಯಾರಪ್ಪಾ ಅಂತ ಯೋಚಿಸಿದರೆ, ಧಾರವಾಡದಲ್ಲಿ ಬಿ.ಕಾಂ. ಮಾಡಿದ ನನಗೆ ನೆನಪಾಗೋದು ಗಿರೀಶ ಕಾರ್ನಾಡರು. ಹೋಲಿಕೆ ಪೂರ್ತಿ ಸರಿಯಲ್ಲ. ಅವರನ್ನು ಯಾರೂ ಪಟ್ಟಿಗೆ ಹಾಕಲಿಲ್ಲ, ತಡೆದದ್ದು ಅವರು ಚಿತ್ರಕಥೆ ಬರೆದ 'ಸಂಸ್ಕಾರ'ವನ್ನು (1970). ಜಾತಿ ವಿಷಯ ಅಂತ ಮದರಾಸಿನ ಸೆನ್ಸಾರಿನವರು ತಡೆದರು. ತಡೆ ತೆರವಾದ ಮೇಲೆ ಅದಕ್ಕೇ ವರ್ಷದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು, ಕನ್ನಡಕ್ಕೆ ಮೊದಲನೆಯದು. (ಅದರಲ್ಲಿ ಚಂದ್ರಿಯಾಗಿದ್ದ ಸ್ನೇಹಲತಾ ರೆಡ್ಡಿ ತುರ್ತುಪರಿಸ್ಥಿತಿಯಲ್ಲಿ ಜೈಲಿಗೆ ಹೋಗಿ, ಹೊರಬಂದ ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ ತೀರಿಕೊಂಡರು. ಆ ಕಥೆಗೆ ಇನ್ನೊಂದು ದಿನ ಬೇಕು.)

1974ರಲ್ಲಿ ಕಾರ್ನಾಡರು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾದರು. ಅಲ್ಲಿ ಅಭಿನಯದ ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ನಿರ್ದೇಶನ ಕಲಿಯುವವರು ತಮ್ಮ ಚಿತ್ರಗಳಿಗೆ ನಮ್ಮನ್ನೇ ತಗೋಬೇಕು ಅನ್ನೋ ಜಗಳ. ಮುಂದಾಳುಗಳಲ್ಲಿ ಒಬ್ಬ ನಾಸಿರುದ್ದೀನ್ ಶಾ, ಎದುರಿಗೆ ಕಾರ್ನಾಡರು. ಶ್ಯಾಮ್ ಬೆನಗಲ್ 'ನಿಶಾಂತ್'ಗೆ (1975) ನಟರನ್ನು ಹುಡುಕುವಾಗ ಈ ಹುಡುಗನ ಹೆಸರು ಹೇಳಿದವರು ಯಾರು ಗೊತ್ತಾ? ಇದೇ ಕಾರ್ನಾಡರು! ಅದೇ ಚಿತ್ರದಲ್ಲಿ ಅವರೂ ನಟಿಸಿದರು.

ಕಾರ್ನಾಡರ ಎಲ್ಲ ಮಾತನ್ನೂ ನಾನು ಒಪ್ಪಿದವನಲ್ಲ. ಆದರೆ ಅವರ ಪ್ರಶಸ್ತಿಗಳನ್ನೆಲ್ಲ ಒಂದು ಕಡೆ ಇಟ್ಟು ಈ ಶಿಫಾರಸನ್ನು ಇನ್ನೊಂದು ಕಡೆ ಇಟ್ಟರೆ ನಾನು ಆರಿಸೋದು ಶಿಫಾರಸನ್ನೇ. ಯಾಕೆ ಅಂತೀರಾ? ಕರಿಪಟ್ಟಿ ಮಾಡೋಕೆ ಸರ್ಕಾರ, ಹಾಲಿವುಡ್ಡೇ ಬೇಕಾಗಿಲ್ಲ. ಕುರ್ಚಿ ಸಿಕ್ಕವನ ಡ್ರಾಯರಿನಲ್ಲಿ ಒಂದು ಇದ್ದೇ ಇರುತ್ತೆ.

ನನ್ನದರಲ್ಲೂ ಇತ್ತು. ಹದಿನೈದು ವರ್ಷದ ಹಿಂದೆ ನಾನು ಒಂದು ಶಾಖೆಯ ಮ್ಯಾನೇಜರ್. ಭಾನುವಾರವೂ ಬನ್ನಿ ಅಂದಿದ್ದಕ್ಕೆ ಒಬ್ಬ ಎಳೆಯ ಆಫೀಸರ್ ಎಲ್ಲರೆದುರು ವಾದಕ್ಕೆ ನಿಂತ. ಕೆಲಸದಲ್ಲಿ ಚುರುಕು, ವಾದವೂ ಸರಿಯೇ ಇತ್ತು. ಮಾರ್ಚ್ ಮುಗಿದು ಅವನ ವಾರ್ಷಿಕ ವರದಿ ನನ್ನ ಮೇಜಿಗೆ ಬಂದಾಗ, ನಡತೆಯ ಕಾಲಮ್ಮಿನಲ್ಲಿ ಎರಡು ಸಾಲು ಬರೆದೆ. ಎರಡೇ ಸಾಲು. ಆ ಸಲದ ಪ್ರಮೋಷನ್ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ನಾನು ಏನು ಬರೆದೆ ಅಂತ ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಹೋದ ವರ್ಷ ಮೆಟ್ರೋದಲ್ಲಿ ಸಿಕ್ಕಿದ್ದ. ಎದ್ದು ನಿಂತು "ಬೈಠಿಯೇ ಸರ್" ಅಂತ ಸೀಟು ಬಿಟ್ಟುಕೊಟ್ಟ. ಹೇಳಿಬಿಡೋಣ ಅನ್ನಿಸಿತು. ಮಕ್ಕಳು ಏನು ಓದ್ತಿದಾರೆ ಅಂತ ಕೇಳಿದೆ. ಅಷ್ಟರಲ್ಲಿ ಪೀತಮ್‌ಪುರ ಬಂತು, ಇಳಿದೆ.