ನಮ್ಮ ಕ್ಷೇತ್ರ ಟವೆಲ್ ಹಾಕುವ ಸೀಟಲ್ಲ

ಬಳ್ಳಾರಿ ಲೋಕಸಭಾ ಕ್ಷೇತ್ರದ ಮತದಾರ ಬಂಧುಗಳೇ,

ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ತೂರಿಸಿ ಸೀಟು ಹಿಡಿಯುವವರನ್ನು ನೋಡಿದ್ದೀರಿ. ಕೆಲವರು ಎರಡು ಬಸ್ಸಿಗೆ ಟವೆಲ್ ಹಾಕಿ, ಅನುಕೂಲವಾದದ್ದನ್ನು ಹತ್ತಿ ಹೋಗುತ್ತಾರೆ. ನಮ್ಮ ಕ್ಷೇತ್ರಕ್ಕೂ ಹಾಗೇ ಟವೆಲ್ ಬಿದ್ದಿದೆ.

1999 ನೆನಪಿದೆಯಲ್ಲ? ಸೋನಿಯಾ ಗಾಂಧಿಯವರ ಮೊದಲ ಚುನಾವಣೆ. ಎದುರಿಗೆ ಸುಷ್ಮಾ ಸ್ವರಾಜ್. ಸುಷ್ಮಾ ಕೆಲವೇ ದಿನಗಳಲ್ಲಿ ಕನ್ನಡ ಕಲಿತು ಭಾಷಣ ಮಾಡಿದರು. ನಾವು ಸುಮಾರು 56 ಸಾವಿರ ಮತಗಳಿಂದ ಗೆಲ್ಲಿಸಿದ್ದು ಸೋನಿಯಾ ಅವರನ್ನು. ಅವರು ಅಮೇಠಿಯನ್ನು ಇಟ್ಟುಕೊಂಡು ಬಳ್ಳಾರಿಯನ್ನು ಬಿಟ್ಟರು. 2000ದಲ್ಲಿ ನಾವು ಮತ್ತೆ ಮತಗಟ್ಟೆಯ ಮುಂದೆ ಸಾಲು ನಿಂತೆವು. 1952ರಿಂದ ಕಾಂಗ್ರೆಸ್ ಕೈಬಿಡದ ಕ್ಷೇತ್ರ 2004ರಲ್ಲಿ ಕೈಬಿಟ್ಟಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ನಿಜ. ಆದರೆ ಗೆದ್ದವರು ಬಿಟ್ಟುಹೋದ ನೋವು ಇರಲೇ ಇಲ್ಲ ಎನ್ನಲಾರೆವು. ಹೊರಗಿನವರೆಂಬ ಸಿಟ್ಟಲ್ಲ ಇದು. ಹೊರಗಿನಿಂದ ಬಂದ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಅವರನ್ನು 1967 ಮತ್ತು 1971ರಲ್ಲಿ ಆರಿಸಿ ಕಳಿಸಿದ ಊರು ನಮ್ಮದು.

ಬಿಜೆಪಿಯವರೇನು ಕಡಿಮೆ? 2018ರಲ್ಲಿ ನಮ್ಮ ಸಂಸದರಾಗಿದ್ದ ಶ್ರೀರಾಮುಲು ಅವರು ಮೊಳಕಾಲ್ಮೂರು, ಬಾದಾಮಿ ಎರಡೂ ವಿಧಾನಸಭಾ ಕ್ಷೇತ್ರಗಳಲ್ಲಿ ನಿಂತರು. ಬಾದಾಮಿಯಲ್ಲಿ ಅವರನ್ನು ಸೋಲಿಸಿದ ಸಿದ್ದರಾಮಯ್ಯನವರ ಇನ್ನೊಂದು ಟವೆಲ್ ಚಾಮುಂಡೇಶ್ವರಿಯಲ್ಲಿತ್ತು! ಶ್ರೀರಾಮುಲು ಮೊಳಕಾಲ್ಮೂರಿನಲ್ಲಿ ಗೆದ್ದು ಲೋಕಸಭೆಗೆ ರಾಜೀನಾಮೆ ಕೊಟ್ಟರು. ಪರಿಣಾಮ? ಮೇ 12ಕ್ಕೆ ವಿಧಾನಸಭೆ, ನವೆಂಬರ್ 3ಕ್ಕೆ ಉಪಚುನಾವಣೆ, 2019ರ ಏಪ್ರಿಲ್ 23ಕ್ಕೆ ಮತ್ತೆ ಲೋಕಸಭೆ. ವರ್ಷ ತುಂಬುವ ಮೊದಲೇ ಬೆರಳಿಗೆ ಮೂರು ಸಲ ಶಾಯಿ. ಉಪಚುನಾವಣೆಯಲ್ಲಿ ಎರಡು ಲಕ್ಷಕ್ಕೂ ಮೀರಿದ ಅಂತರದಿಂದ ಗೆದ್ದ ಉಗ್ರಪ್ಪನವರಿಗೆ ಕೆಲಸಕ್ಕೆ ಸಿಕ್ಕಿದ್ದು ಕೆಲವು ತಿಂಗಳು.

2024ರಲ್ಲಿ ಸಂಡೂರು ಶಾಸಕ ತುಕಾರಾಂ ಲೋಕಸಭೆಗೆ ಹೋದರು. ನವೆಂಬರಿನ ಉಪಚುನಾವಣೆಯಲ್ಲಿ ಗೆದ್ದವರು ಅವರ ಪತ್ನಿ ಅನ್ನಪೂರ್ಣ. 2018ರಲ್ಲಿ ಕುಮಾರಸ್ವಾಮಿಯವರು ರಾಮನಗರ, ಚನ್ನಪಟ್ಟಣ ಎರಡೂ ಗೆದ್ದು ರಾಮನಗರ ಬಿಟ್ಟಾಗ ಅಲ್ಲಿಗೆ ಬಂದವರೂ ಅವರ ಪತ್ನಿಯೇ. ಟವೆಲ್ ಮನೆಯವರದೇ ಇದ್ದರೆ ಸೀಟು ಎಲ್ಲಿ ಹೋಗುತ್ತದೆ?

ಇದ್ಯಾವುದೂ ಕಾನೂನುಬಾಹಿರವಲ್ಲ. ಕಷ್ಟ ಇರುವುದೇ ಅಲ್ಲಿ. ಎರಡು ಕ್ಷೇತ್ರಕ್ಕಿಂತ ಹೆಚ್ಚು ಕಡೆ ನಿಲ್ಲಬಾರದೆಂಬ ಮಿತಿಯನ್ನು ಪ್ರಜಾಪ್ರತಿನಿಧಿ ಕಾಯ್ದೆಗೆ 1996ರಲ್ಲಿ ಸೇರಿಸಿದರು. ಎರಡನ್ನು ಒಂದು ಮಾಡಲು ಮನಸ್ಸು ಬರಲಿಲ್ಲ. ಒಂದೇ ಸಾಕು, ಇಲ್ಲವೇ ಉಪಚುನಾವಣೆಗೆ ಕಾರಣರಾದವರಿಂದ ವಿಧಾನಸಭೆಗೆ 5 ಲಕ್ಷ, ಲೋಕಸಭೆಗೆ 10 ಲಕ್ಷ ವಸೂಲು ಮಾಡಿ ಎಂದು ಚುನಾವಣಾ ಆಯೋಗ 2004ರಲ್ಲೇ ಹೇಳಿತ್ತು. 2015ರಲ್ಲಿ ಕಾನೂನು ಆಯೋಗವೂ ಒಂದೇ ಕ್ಷೇತ್ರ ಎಂದಿತು. 2023ರಲ್ಲಿ ಸುಪ್ರೀಂ ಕೋರ್ಟ್ ಇದು ಸಂಸತ್ತಿಗೆ ಬಿಟ್ಟ ವಿಷಯ ಎಂದು ಅರ್ಜಿ ವಜಾ ಮಾಡಿತು. ಅಂದರೆ ಟವೆಲ್ ಹಾಕುವವರೇ ತೀರ್ಮಾನಿಸಬೇಕು!

ನಾಯಕರು ಸೋತರೆ ಪಕ್ಷದ ಗತಿ ಏನು ಎನ್ನುತ್ತಾರೆ. ನಮಗೆ ಎರಡು ಮತಗಟ್ಟೆಯಲ್ಲಿ ಓಟು ಹಾಕಲು ಬಿಡುತ್ತಾರೆಯೇ? ಸೋಲುವ ಭಯ ಅವರದು, ಅದರ ಖರ್ಚು ನಮ್ಮದೇಕೆ?

ನಮ್ಮ ಬೇಡಿಕೆ ಇಷ್ಟು: ಒಬ್ಬರಿಗೆ ಒಂದೇ ಕ್ಷೇತ್ರ. ಅವಧಿಯ ನಡುವೆ ಇನ್ನೊಂದು ಸದನಕ್ಕೆ ಜಿಗಿದು ಸೀಟು ಖಾಲಿ ಮಾಡಿದರೆ, ಉಪಚುನಾವಣೆಯ ಪೂರ್ತಿ ವೆಚ್ಚ ಅವರ ಪಕ್ಷದಿಂದ ವಸೂಲಾಗಲಿ. ಲೋಕಸಭಾ ಅಭ್ಯರ್ಥಿ 95 ಲಕ್ಷದವರೆಗೆ ಖರ್ಚು ಮಾಡಬಹುದಾದ ಈ ಕಾಲಕ್ಕೆ ಆ ಹಳೆಯ 10 ಲಕ್ಷ ಏತಕ್ಕೂ ಸಾಲದು.

ಹಡಗಲಿಯಿಂದ ಸಂಡೂರಿನವರೆಗೆ, ಯಾವ ಪಕ್ಷದವರು ಕೈಮುಗಿದು ಬಾಗಿಲಿಗೆ ಬಂದರೂ ಮೊದಲು ಕೇಳಿ: "ಐದು ವರ್ಷ ಇಲ್ಲೇ ಇರ್ತೀರಾ? ಬರೆದುಕೊಡ್ತೀರಾ?"

ಓದಿದ ಮೇಲೆ ಪಕ್ಕದ ಮನೆಗೆ ಕೊಡಿ.

— ಬಳ್ಳಾರಿ ಕ್ಷೇತ್ರದ ಕೆಲವು ಮತದಾರರು