ದೂರದ ದ್ವೀಪಕ್ಕೆ ಹೊರಡುವ ಮುನ್ನ



ನಮ್ಮವರ ಮಕ್ಕಳು ಈಗ ಬೆಂಗಳೂರು, ಪುಣೆ ದಾಟಿ ನಾವು ಭೂಪಟದಲ್ಲಿ ಹುಡುಕಬೇಕಾದ ದೇಶಗಳಿಗೆ ನೌಕರಿಗೆ ಹೋಗುತ್ತಿದ್ದಾರೆ. ವರ್ಷ ತುಂಬುವುದರೊಳಗೆ "ಅಪ್ಪಾ, ಅವ್ವನನ್ನು ಕರೆದುಕೊಂಡು ಒಮ್ಮೆ ಬಾ" ಎಂದು ಫೋನು ಬರುತ್ತದೆ. ನನ್ನ ಮಗಳು ಅಳಿಯ ಇದ್ದ ಟ್ರಿನಿಡಾಡಿಗೆ ಕಳೆದ ವರ್ಷ ಹೋಗಿ ಮೂರು ವಾರ ಇದ್ದು ಬಂದೆ. ಅಂದಿನಿಂದ ಆದೋನಿ ಮಾರುಕಟ್ಟೆಯಲ್ಲಿ ಸಿಕ್ಕವರೆಲ್ಲ ಅಲ್ಲಿಯ ಊಟ, ವೀಸಾ, ಖರ್ಚಿನ ವಿಚಾರ ಕೇಳುತ್ತಾರೆ. ಒಬ್ಬೊಬ್ಬರಿಗೆ ಹೇಳುವುದಕ್ಕಿಂತ ಎಲ್ಲರಿಗೂ ಒಂದೇ ಸಲ ತಿಳಿಸುವುದು ಲೇಸೆಂದು ಈ ತಿಂಗಳು ಅದನ್ನೇ ಬರೆಯುತ್ತಿದ್ದೇನೆ.

ಟ್ರಿನಿಡಾಡ್ ಮತ್ತು ಟೊಬೆಗೊ ಕೆರಿಬಿಯನ್ ಸಮುದ್ರದ ಎರಡು ದ್ವೀಪಗಳ ಒಂದೇ ದೇಶ. ಜನಸಂಖ್ಯೆ ಸುಮಾರು 14 ಲಕ್ಷ. 1845ರ ಮೇ 30ರಂದು ಕಬ್ಬಿನ ತೋಟದ ಕೂಲಿಗಾಗಿ ನಮ್ಮ ದೇಶದ ಜನ ಮೊದಲ ಹಡಗಿನಲ್ಲಿ ಅಲ್ಲಿಗೆ ಇಳಿದರು. 1917ರವರೆಗೆ ಹೀಗೆ ಹೋದವರು ಒಂದು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು. ಇಂದು ಮೂರರಲ್ಲೊಬ್ಬರು ಭಾರತೀಯ ಮೂಲದವರು. ದೀಪಾವಳಿಗೆ ಸರ್ಕಾರಿ ರಜೆಯಿದೆ. ಆಡುವ ಭಾಷೆ ಇಂಗ್ಲಿಷ್. ಆದ್ದರಿಂದ ಪರದೇಶವೆಂಬ ಅಂಜಿಕೆ ಅಷ್ಟಾಗಿ ಬೇಡ.

ವೀಸಾ: ಅಲ್ಲಿಗೆ ನೇರ ವಿಮಾನವಿಲ್ಲ. ಲಂಡನ್ ಅಥವಾ ಅಮೆರಿಕದ ಊರುಗಳಲ್ಲಿ ವಿಮಾನ ಬದಲಿಸಬೇಕು. ನಮ್ಮವರು ದ್ವೀಪದ ವೀಸಾ ಬಗ್ಗೆ ವಿಚಾರಿಸಿ ದಾರಿಯ ವೀಸಾ ಮರೆಯುತ್ತಾರೆ. ಅಮೆರಿಕದಲ್ಲಿ ಎರಡು ತಾಸು ಕೂತು ವಿಮಾನ ಬದಲಿಸುವುದಕ್ಕೂ ವೀಸಾ ಬೇಕು. ಲಂಡನ್ ಮಾರ್ಗಕ್ಕೂ ಸಾಮಾನ್ಯವಾಗಿ ಬೇಕಾಗುತ್ತದೆ. ನಿಯಮಗಳು ಬದಲಾಗುತ್ತಿರುತ್ತವೆ, ದೆಹಲಿಯಲ್ಲಿರುವ ಆ ದೇಶದ ಹೈಕಮಿಷನ್ ಕಚೇರಿಯಲ್ಲೂ ವಿಮಾನ ಕಂಪನಿಯಲ್ಲೂ ಕೇಳಿ, ಆಮೇಲೆ ಟಿಕೆಟಿಗೆ ಹಣ ಕಟ್ಟಿ.

ಚುಚ್ಚುಮದ್ದು: ಇದು ನಮ್ಮ ಸಮಾಜದವರು ಗಮನವಿಟ್ಟು ಓದಬೇಕಾದ ಮಾತು. ಯೆಲ್ಲೋ ಫೀವರ್ ಎಂಬ ಹಳದಿ ಜ್ವರದ ಭಯವಿರುವ ದೇಶಗಳ ಪಟ್ಟಿಯಲ್ಲಿ ಟ್ರಿನಿಡಾಡ್ ಇದೆ. ಹೋಗುವಾಗ ನನ್ನನ್ನು ಯಾರೂ ಕೇಳಲಿಲ್ಲ. ಹಿಂದಿರುಗುವಾಗ ನಮ್ಮ ದೇಶವೇ ಕೇಳುತ್ತದೆ. ಚುಚ್ಚುಮದ್ದಿನ ಹಳದಿ ಕಾರ್ಡು ಇಲ್ಲದಿದ್ದರೆ ವಿಮಾನ ನಿಲ್ದಾಣದಿಂದಲೇ ಕರೆದೊಯ್ದು ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಸರ್ಕಾರ ಗೊತ್ತುಮಾಡಿದ ಕೇಂದ್ರದಲ್ಲೇ ಹಾಕಿಸಿಕೊಳ್ಳಬೇಕು. ನಮ್ಮ ಕಡೆಯವರಿಗೆ ಹೈದರಾಬಾದು ಇಲ್ಲವೇ ಬೆಂಗಳೂರೇ ಗತಿ. ಒಮ್ಮೆ ಹಾಕಿಸಿದರೆ ಜೀವಮಾನಕ್ಕೆ ಸಾಕು.

ಆದರೆ ಎರಡು ಸಂಗತಿಗಳಿವೆ. ಅರವತ್ತು ದಾಟಿದವರಿಗೆ ಈ ಮದ್ದಿನಿಂದ ತೊಂದರೆಯಾಗುವ ಸಂಭವ ಸ್ವಲ್ಪ ಹೆಚ್ಚು. ಆದ್ದರಿಂದ ಮೊದಲು ವೈದ್ಯರಿಗೆ ತೋರಿಸಿ ಅವರ ಅಭಿಪ್ರಾಯ ಪಡೆಯಬೇಕು. ಎರಡನೆಯದು, ಈ ಮದ್ದನ್ನು ಕೋಳಿಮೊಟ್ಟೆಯೊಳಗಿನ ಭ್ರೂಣದಲ್ಲಿ ಬೆಳೆಸಿ ತಯಾರಿಸುತ್ತಾರೆ. ಈ ವಿಷಯ ತಿಳಿದ ಮೇಲೆ ನಮ್ಮ ಮನೆಯಲ್ಲಿ ಎರಡು ದಿನ ಅದೇ ಮಾತು. ನನ್ನ ಮಗಳ ಬಾಣಂತನಕ್ಕೆ ಯಾರಾದರೂ ಬೇಕಿತ್ತು. ರೋಗ ತಡೆಯುವ ಔಷಧವೆಂದು, ವೈದ್ಯರೂ ಒಪ್ಪಿದ ಮೇಲೆ ನಾನು ಹಾಕಿಸಿಕೊಂಡೆ. ನಮ್ಮ ಮನೆಯವರು "ನೀವು ಹೋಗಿ ಬನ್ನಿ, ನನ್ನ ಮನಸ್ಸು ಒಪ್ಪುವುದಿಲ್ಲ" ಎಂದರು. ಮೊಮ್ಮಗನನ್ನು ನೋಡಲು ಆಕೆ ಏಳು ತಿಂಗಳು ಕಾದರು. ಮಗಳೇ ಕೂಸನ್ನು ಎತ್ತಿಕೊಂಡು ಕೌತಾಳಂಗೆ ಬಂದಳು. ನಾನು ಅವರನ್ನು ಒತ್ತಾಯಿಸಲಿಲ್ಲ, ಅವರೂ ನನ್ನನ್ನು ತಡೆಯಲಿಲ್ಲ. ಯಾವುದು ಸರಿಯೆಂದು ತೀರ್ಪು ಹೇಳಲು ನಾನು ಪಂಡಿತನಲ್ಲ. ಹಣ ಕಟ್ಟುವ ಮೊದಲೇ ಮನೆಯವರೆಲ್ಲ ಕೂತು ಮಾತಾಡಿ, ತಿಳಿದವರನ್ನು ಕೇಳಿ ನಿರ್ಧರಿಸಿ ಎಂದಷ್ಟೇ ಹೇಳುತ್ತೇನೆ. ಹಿರಿಯರಿಂದ ಸಂಗತಿ ಮುಚ್ಚಿಟ್ಟು ಕರೆದೊಯ್ಯುವುದು ಮಾತ್ರ ಬೇಡ.

ಊಟ: ವಿಮಾನದಲ್ಲಿ ಬರೀ "ವೆಜ್" ಎಂದರೆ ಈರುಳ್ಳಿ, ಆಲೂಗಡ್ಡೆ ಎಲ್ಲ ಬರುತ್ತದೆ. ಜೈನ ಊಟಕ್ಕೆ "ವಿ.ಜೆ.ಎಂ.ಎಲ್." ಎಂಬ ಸಂಕೇತವಿದೆ, ಟಿಕೆಟ್ ಮಾಡಿಸುವಾಗಲೇ ಬರೆಸಿ, ಹೊರಡುವ ಎರಡು ದಿನ ಮೊದಲು ಮತ್ತೆ ಕೇಳಿ ಖಾತ್ರಿ ಮಾಡಿಕೊಳ್ಳಿ. ಅಲ್ಲಿಯ ಬೀದಿಯಲ್ಲಿ "ಡಬಲ್ಸ್" ಎಂಬ ತಿಂಡಿ ಪ್ರಸಿದ್ಧ. ಎರಡು ಮೆತ್ತನೆಯ ಕರಿದ ರೊಟ್ಟಿಯ ನಡುವೆ ಕಡಲೆ ಪಲ್ಯ. ಮಾಂಸವಿಲ್ಲ, ಆದರೆ ಬೆಳ್ಳುಳ್ಳಿ ಇರುತ್ತದೆ. ಕ್ಯಾಲಲೂ ಎಂಬುದು ಕೆಸುವಿನ ಎಲೆಯ ಸಾರು. ಹಸಿರಾಗಿದೆಯೆಂದು ನಂಬಬೇಡಿ, ಏಡಿ ಹಾಕಿರುತ್ತಾರೆ. "ಸಾದಾ ರೋಟಿ" ಎಂಬುದು ಸಪ್ಪೆ ರೊಟ್ಟಿ. ಸಂತೆಯಲ್ಲಿ ಅಲಸಂದೆ, ಹಾಗಲ, ಬೆಂಡೆ, ಕುಂಬಳ ಎಲ್ಲ ಸಿಗುತ್ತವೆ. ಮನೆಯಲ್ಲೇ ಅಡಿಗೆ ಮಾಡಿದರೆ ಚಿಂತೆಯಿಲ್ಲ. ಇಲ್ಲಿಂದ ಕಡಕ್ ಸಜ್ಜೆ ರೊಟ್ಟಿ, ಬೆಳ್ಳುಳ್ಳಿ ಹಾಕದ ಶೇಂಗಾ ಚಟ್ನಿಪುಡಿ ಒಯ್ಯಿರಿ. ಹಸಿ ಹಣ್ಣು, ತರಕಾರಿ, ಬಿತ್ತನೆ ಬೀಜ ಒಯ್ಯಬೇಡಿ. ಇದ್ದ ತಿಂಡಿಯನ್ನು ಕಸ್ಟಮ್ಸಿನವರಿಗೆ ಬಾಯಿಬಿಟ್ಟು ಹೇಳಿ.

ರಾತ್ರಿಭೋಜನ ತ್ಯಾಗ ಮಾಡಿದವರಿಗೆ ಅನುಕೂಲವೇ ಇದೆ. ಅಲ್ಲಿ ಸೂರ್ಯಾಸ್ತ ವರ್ಷವಿಡೀ ಸುಮಾರು 5-45ರಿಂದ 6-30ರೊಳಗೆ. ಗಡಿಯಾರ ನಮಗಿಂತ ಒಂಬತ್ತೂವರೆ ತಾಸು ಹಿಂದೆ.

ಹಣ, ಸಾಮಾನು: ಅಮೆರಿಕದ ಡಾಲರ್ ಒಯ್ದರೆ ಬದಲಿಸುವುದು ಸುಲಭ, ಒಂದಕ್ಕೆ ಅಲ್ಲಿಯ ಡಾಲರ್ ಆರೂಮುಕ್ಕಾಲರ ಆಸುಪಾಸು. ವಿದ್ಯುತ್ 115 ವೋಲ್ಟ್, ನಮ್ಮ ಮಿಕ್ಸರ್ ಅಲ್ಲಿ ನಡೆಯದು. ಸೈನಿಕರ ಮಾದರಿಯ ಹಸಿರು ಚುಕ್ಕೆ ಬಟ್ಟೆ ಅಲ್ಲಿ ಕಾನೂನಿಗೆ ವಿರುದ್ಧ, ಮಕ್ಕಳಿಗೂ ಹಾಕಬೇಡಿ. ಕಳ್ಳತನ, ಗುಂಡಿನ ಹಾವಳಿ ಉಂಟು. 2024ರ ಡಿಸೆಂಬರಿನಲ್ಲಿ ತುರ್ತುಪರಿಸ್ಥಿತಿಯನ್ನೇ ಘೋಷಿಸಿದ್ದರು. ಬಂಗಾರ ಮನೆಯಲ್ಲೇ ಇರಲಿ, ಕತ್ತಲಾದ ಮೇಲೆ ತಿರುಗಾಟ ಬೇಡ. ಬಿ.ಪಿ., ಸಕ್ಕರೆ ಕಾಯಿಲೆಯವರು ಅದನ್ನು ಬರೆಸಿಯೇ ಪ್ರಯಾಣದ ವಿಮೆ ಮಾಡಿಸಿ. ಗುಳಿಗೆಗಳ ಜೊತೆ ವೈದ್ಯರ ಚೀಟಿ ಇರಲಿ.

ನೋಡುವುದು: ಜನವರಿಯಿಂದ ಮೇವರೆಗೆ ಮಳೆ ಕಡಿಮೆ. ಕಾರ್ನಿವಲ್ ದಿನಗಳಲ್ಲಿ ಗದ್ದಲ, ದುಬಾರಿ, ವಯಸ್ಸಾದವರು ತಪ್ಪಿಸುವುದೊಳ್ಳೆಯದು. ಕ್ಯಾರಪಿಚೈಮಾದಲ್ಲಿ ಮೈಸೂರಿನ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರ ಆಶ್ರಮದ ದತ್ತಾತ್ರೇಯ ಮಂದಿರ ಮತ್ತು 85 ಅಡಿ ಎತ್ತರದ ಹನುಮಂತನ ಮೂರ್ತಿ ಇವೆ. ದ್ರಾವಿಡ ಶೈಲಿಯ ಆ ಗೋಪುರ ನೋಡಿದರೆ ನಮ್ಮ ನಾಡೇ ನೆನಪಾಗುತ್ತದೆ. ಲಾ ಬ್ರೇಯಲ್ಲಿ ನೂರು ಎಕರೆಯ ಡಾಂಬರು ಕೆರೆಯಿದೆ. ಪೋರ್ಟ್ ಆಫ್ ಸ್ಪೇನಿನ ಕ್ರಿಕೆಟ್ ಮೈದಾನದಲ್ಲಿ 1976ರಲ್ಲಿ ಭಾರತ 403 ರನ್ನಿನ ಗುರಿ ಮುಟ್ಟಿದಾಗ ನಮ್ಮ ಭದ್ರಾವತಿಯ ವಿಶ್ವನಾಥ್ 112 ಹೊಡೆದಿದ್ದರು. ನನ್ನ ವಯಸ್ಸಿನವರು ಅದನ್ನು ಮರೆಯಲಾರರು. ಕ್ಯಾರೊನಿ ಜೌಗಿನಲ್ಲಿ ಸಂಜೆ ಕೆಂಪು ಹಕ್ಕಿಗಳು ಸಾವಿರಗಟ್ಟಲೆ ಗೂಡಿಗೆ ಮರಳುತ್ತವೆ. ದೋಣಿ ಮರಳುವಾಗ ಕತ್ತಲಾಗಿರುತ್ತದೆ, ಆದ್ದರಿಂದ ಊಟ ಮುಗಿಸಿಯೇ ದೋಣಿ ಹತ್ತಿ.

ವ್ಯಾಪಾರದಲ್ಲಿ ಸರಕು ಏರಿಸುವ ಮೊದಲು ತೂಕ ನೋಡುತ್ತೇವೆ. ಪ್ರಯಾಣಕ್ಕೂ ಅದೇ ಮಾತು. ಕಾಗದಪತ್ರ, ಆರೋಗ್ಯ, ನಿಯಮ ಈ ಮೂರನ್ನೂ ಮನೆಯಲ್ಲೇ ತೂಗಿ ನೋಡಿ ಹೊರಡಿ. ಮಕ್ಕಳಿಗೂ ಚಿಂತೆಯಿಲ್ಲ, ನಿಮಗೂ ಸಂತೋಷ.